ಹುಲ್ಲಿನ ಪರಾಗದ ಅಲರ್ಜಿಯಲ್ಲಿ ಐಜಿಇ ಜೀನ್‌ಗಳನ್ನು ಓದುವ ಬಗೆ

ಹುಲ್ಲು ಹೂಬಿಡುವ ಕಾಲ ಬಂತೆಂದರೆ ಕೆಲವರಿಗೆ ಸೀನು, ಮೂಗು ಸೋರುವುದು, ಕಣ್ಣಿನ ತುರಿಕೆ, ಇನ್ನು ಕೆಲವರಿಗೆ ಉಬ್ಬಸವೂ ಶುರುವಾಗುತ್ತದೆ. ಅದೇ ಗಾಳಿಯನ್ನು ಉಸಿರಾಡುವ ಪಕ್ಕದವರಿಗೆ ಏನೂ ಆಗುವುದಿಲ್ಲ. ಈ ವ್ಯತ್ಯಾಸಕ್ಕೆ ಕಾರಣವಾಗುವುದು ಇಮ್ಯುನೋಗ್ಲಾಬ್ಯುಲಿನ್ ಇ, ಅಂದರೆ ಐಜಿಇ ಎಂಬ ಪ್ರತಿಕಾಯ. ಅದು ಮಾಸ್ಟ್ ಕೋಶ ಮತ್ತು ಬೇಸೊಫಿಲ್ ಎಂಬ ರೋಗನಿರೋಧಕ ಕೋಶಗಳ ಮೇಲ್ಮೈಯಲ್ಲಿ ಅಂಟಿಕೊಂಡಿರುತ್ತದೆ. ಪರಾಗದ ಪ್ರೋಟೀನೊಂದು ಅಕ್ಕಪಕ್ಕದ ಐಜಿಇಗಳನ್ನು ಒಟ್ಟಿಗೆ ಹಿಡಿದು ಜೋಡಿಸಿದ ಕೂಡಲೇ ಆ ಕೋಶಗಳು ಹಿಸ್ಟಮಿನ್ ಮೊದಲಾದ ರಾಸಾಯನಿಕಗಳನ್ನು ಹೊರಚೆಲ್ಲುತ್ತವೆ. ಮ್ಯಾಂಚೆಸ್ಟರಿನ ವೈದ್ಯ ಚಾರ್ಲ್ಸ್ ಬ್ಲ್ಯಾಕ್ಲಿ ಹುಲ್ಲಿನ ಪರಾಗವನ್ನು ತನ್ನ ಮೇಲೆಯೇ ಪ್ರಯೋಗಿಸಿಕೊಂಡು ಫಲಿತಾಂಶಗಳನ್ನು 1873ರಲ್ಲಿ ಪ್ರಕಟಿಸಿದ್ದ. ಆದರೆ ರಕ್ತದಲ್ಲಿರುವ ಆ ಪ್ರತಿಕಾಯ ಯಾವುದೆಂದು ತಿಳಿಯಲು 1960ರ ದಶಕದ ನಡುಭಾಗದವರೆಗೆ, ಅಮೆರಿಕದಲ್ಲಿ ಇಶಿಜಾಕಾ ದಂಪತಿಗಳೂ ಸ್ವೀಡನ್ನಿನಲ್ಲಿ ಯೋಹಾನ್ಸನ್ ಮತ್ತು ಬೆನ್ನಿಚ್ ಅವರೂ ಬೇರೆ ಬೇರೆ ದಾರಿಯಿಂದ ಅದನ್ನು ತಲುಪುವವರೆಗೆ, ಕಾಯಬೇಕಾಯಿತು. 1968ರಲ್ಲಿ ಅದಕ್ಕೆ ಐಜಿಇ ಎಂಬ ಹೆಸರು ಅಧಿಕೃತವಾಯಿತು.

ಈ ಪ್ರತಿಕಾಯವನ್ನು ರೂಪಿಸುವ ಜೀನ್‌ಗಳ ಅನುಕ್ರಮವನ್ನು, ಅಂದರೆ ಅವುಗಳಲ್ಲಿ ಬೇಸ್‌ಗಳು ಸಾಲುಗೂಡಿದ ಕ್ರಮವನ್ನು, ಪಡೆದು ಅರ್ಥ ಮಾಡಿಕೊಳ್ಳುವುದು ಹೇಗೆ ಎಂಬುದನ್ನು ಜೀವಶಾಸ್ತ್ರದ ವಿದ್ಯಾರ್ಥಿಗಳಿಗೆ, ಪ್ರಯೋಗಾಲಯದಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಮತ್ತು ಇಂಥ ಅಧ್ಯಯನಗಳನ್ನು ಓದಿ ತೂಗಬೇಕಾದ ವೈದ್ಯರಿಗೆ ತಿಳಿಸುವುದು ಈ ಬರಹದ ಉದ್ದೇಶ. ನಾನು ಇಲ್ಲಿ ಮತ್ತೆ ಮತ್ತೆ ಒತ್ತಿ ಹೇಳುವ ವಿಷಯ ಒಂದೇ. ಒಂದು ಐಜಿಇ ಅನುಕ್ರಮದಲ್ಲಿ ಮೂರು ಬಗೆಯ ಮಾಹಿತಿ ಬೆರೆತಿರುತ್ತದೆ: ತಂದೆತಾಯಿಯಿಂದ ಬಂದದ್ದು, ಪ್ರತಿಕಾಯ ತಯಾರಿಸುವ ಬಿ ಕೋಶ ಹುಟ್ಟುವಾಗ ಜೀನ್ ತುಂಡುಗಳ ಜೋಡಣೆಯಲ್ಲಿ ಉಂಟಾದದ್ದು, ಮತ್ತು ಆ ಕೋಶ ಪ್ರತಿಜನಕವನ್ನು (ಪ್ರತಿಕಾಯ ಗುರುತಿಸಿ ಹಿಡಿಯುವ ವಸ್ತುವನ್ನು) ಎದುರಿಸಿದ ನಂತರ ಉತ್ಪರಿವರ್ತನೆಯಿಂದ ಸೇರಿದ್ದು. ಈ ಮೂರನ್ನು ಬೇರ್ಪಡಿಸದೆ ತೆಗೆದ ಯಾವ ತೀರ್ಮಾನವನ್ನೂ ನಂಬಬೇಕಾಗಿಲ್ಲ.

ಮೊದಲು ಜೀನ್‌ಗಳ ಜಾಗವನ್ನು ತಿಳಿದುಕೊಳ್ಳಿ

ಪ್ರತಿಕಾಯ ಭಾರ ಮತ್ತು ಹಗುರ ಎಂಬ ಎರಡು ಬಗೆಯ ಪ್ರೋಟೀನು ಸರಪಳಿಗಳಿಂದ ಆಗಿದೆ. ಮನುಷ್ಯನಲ್ಲಿ ಭಾರ ಸರಪಳಿಯ ಜೀನ್‌ಗಳು 14ನೆಯ ವರ್ಣತಂತುವಿನ ತುದಿಯಲ್ಲಿವೆ. ಹಗುರ ಸರಪಳಿಗಳಲ್ಲಿ ಕಪ್ಪಾ 2ನೆಯ ವರ್ಣತಂತುವಿನಲ್ಲೂ ಲ್ಯಾಮ್ಡಾ 22ನೆಯದರಲ್ಲೂ ಇವೆ. ಭಾರ ಸರಪಳಿಯ ಬದಲಾಗುವ ಭಾಗಕ್ಕೆ ಒಂದೇ ಸಿದ್ಧ ಜೀನ್ ಇರುವುದಿಲ್ಲ. ಕೆಲಸ ಮಾಡಬಲ್ಲ ಸುಮಾರು 40 ವಿ ತುಂಡುಗಳು, 20ಕ್ಕೂ ಹೆಚ್ಚು ಡಿ ತುಂಡುಗಳು ಮತ್ತು 6 ಜೆ ತುಂಡುಗಳಿದ್ದು, ಪ್ರತಿ ಬಿ ಕೋಶವೂ ಒಂದೊಂದನ್ನು ಆರಿಸಿ, ರ್ಯಾಗ್ ಕಿಣ್ವಗಳ ನೆರವಿನಿಂದ ಕತ್ತರಿಸಿ ಜೋಡಿಸುತ್ತದೆ. ಪ್ರತಿಕಾಯ ಜೀನ್‌ಗಳು ಹೀಗೆ ದೇಹದ ಕೋಶದಲ್ಲೇ ಮರುಜೋಡಣೆಯಾಗುತ್ತವೆ ಎಂದು ಸುಸುಮು ಟೊನೆಗಾವಾ 1976ರಲ್ಲಿ ತೋರಿಸಿದರು. 1987ರ ನೊಬೆಲ್ ಪ್ರಶಸ್ತಿ ಅದಕ್ಕೇ ಸಂದಿತು. ಜೋಡಿಸುವ ಅಂಚಿನಲ್ಲಿ ಕೆಲವು ಬೇಸ್‌ಗಳು ಕಳಚಿಹೋಗುತ್ತವೆ, ಇನ್ನು ಕೆಲವನ್ನು ಟಿಡಿಟಿ ಎಂಬ ಕಿಣ್ವ ಯಾವ ಮಾದರಿಯೂ ಇಲ್ಲದೆ ಹೊಸದಾಗಿ ಸೇರಿಸುತ್ತದೆ. ಹೀಗೆ ಸೇರಿದ ಬೇಸ್‌ಗಳನ್ನು ಎನ್ ಬೇಸ್ ಎನ್ನುತ್ತಾರೆ. ವಿ, ಡಿ, ಜೆ ಸೇರುವ ಈ ಜಾಗವೇ ಸಿಡಿಆರ್3. ಪ್ರತಿಜನಕವನ್ನು ಹಿಡಿಯುವ ಮೂರು ಕುಣಿಕೆಗಳಲ್ಲಿ ಅತ್ಯಂತ ವೈವಿಧ್ಯವುಳ್ಳದ್ದು ಅದೇ.

ಪ್ರತಿಕಾಯದ ವರ್ಗವನ್ನು ನಿರ್ಧರಿಸುವ ಸ್ಥಿರ ಭಾಗದ ಜೀನ್‌ಗಳು (ಮ್ಯೂ ಐಜಿಎಂಗೆ, ಡೆಲ್ಟಾ ಐಜಿಡಿಗೆ, ಗಾಮಾ ಐಜಿಜಿಗೆ, ಆಲ್ಫಾ ಐಜಿಎಗೆ, ಎಪ್ಸಿಲಾನ್ ಐಜಿಇಗೆ) ಇವುಗಳ ನಂತರ ಸಾಲಾಗಿವೆ: ಮ್ಯೂ, ಡೆಲ್ಟಾ, ಗಾಮಾ3, ಗಾಮಾ1, ಆಲ್ಫಾ1, ಗಾಮಾ2, ಗಾಮಾ4, ಎಪ್ಸಿಲಾನ್, ಆಲ್ಫಾ2. ಈ ಕ್ರಮವನ್ನು ಬಾಯಿಪಾಠ ಮಾಡಿಕೊಳ್ಳುವುದು ಒಳ್ಳೆಯದು, ಏಕೆಂದರೆ ಮುಂದಿನ ವಾದಗಳೆಲ್ಲ ಇದರ ಮೇಲೆ ನಿಂತಿವೆ. ಬಿ ಕೋಶ ಮೊದಲು ಐಜಿಎಂ ತಯಾರಿಸುತ್ತದೆ. ಟಿ ಕೋಶಗಳಿಂದ ಐಎಲ್-4 ಅಥವಾ ಐಎಲ್-13 ಸಂಕೇತವೂ ಸಿಡಿ40 ಮೂಲಕ ಇನ್ನೊಂದು ಸಂಕೇತವೂ ಬಂದಾಗ, ಕೋಶದೊಳಗೆ ಸ್ಟ್ಯಾಟ್6 ಎಂಬ ಪ್ರೋಟೀನು ಎಪ್ಸಿಲಾನ್ ಜೀನಿನ ಮುಂಭಾಗವನ್ನು ಚುರುಕುಗೊಳಿಸುತ್ತದೆ. ಬಳಿಕ ಎಐಡಿ ಎಂಬ ಕಿಣ್ವ ಡಿಎನ್‌ಎಯನ್ನು ಎರಡು ಕಡೆ ಕಡಿಯಲು ಅನುವು ಮಾಡಿ, ನಡುವಿನ ಭಾಗ ಕಿತ್ತುಹೋಗಿ, ಅದೇ ವಿ-ಡಿ-ಜೆ ಈಗ ಎಪ್ಸಿಲಾನ್‌ಗೆ ಸೇರುತ್ತದೆ. ಇದು ವರ್ಗ ಬದಲಾವಣೆ. ಕಿತ್ತುಹೋದ ಡಿಎನ್‌ಎ ಮರಳಿ ಬರುವುದಿಲ್ಲ. ಆದ್ದರಿಂದ ಐಜಿಜಿ1 ತಯಾರಿಸುವ ಕೋಶ ಐಜಿಇಗೆ ಹೋಗಬಹುದು, ಐಜಿಜಿ4 ತಯಾರಿಸುವುದೂ ಹೋಗಬಹುದು; ಐಜಿಇ ತಯಾರಿಸುವ ಕೋಶ ಮಾತ್ರ ಇವೆರಡರಲ್ಲಿ ಯಾವುದಕ್ಕೂ ಹಿಂದಿರುಗಲಾರದು. ಎಐಡಿಯನ್ನು 1999ರಲ್ಲಿ ಕಂಡುಹಿಡಿದದ್ದು ಜಪಾನಿನ ತಾಸುಕು ಹೊಂಜೊ ಅವರ ಗುಂಪು. ವಿ ಭಾಗದಲ್ಲಿ ಉತ್ಪರಿವರ್ತನೆಗಳನ್ನು ತರುವುದೂ ಅದೇ ಕಿಣ್ವ. ಪ್ರತಿ ವಿಭಜನೆಯಲ್ಲಿ ಸುಮಾರು ಸಾವಿರ ಬೇಸ್‌ಗೆ ಒಂದು ಎಂಬಷ್ಟು ವೇಗದಲ್ಲಿ, ಅಂದರೆ ಉಳಿದ ಜೀನ್‌ಗಳಲ್ಲಿ ಊಹಿಸಲೂ ಆಗದ ವೇಗದಲ್ಲಿ, ಅದು ನಡೆಯುತ್ತದೆ.

ಯಾವ ಹುಲ್ಲು, ಯಾವ ಪ್ರೋಟೀನು ಎಂದು ನಿರ್ಧರಿಸಿ

ಹುಲ್ಲಿನ ಪರಾಗ ಎಂಬುದು ಒಂದೇ ವಸ್ತುವಲ್ಲ. ಸಂಶೋಧನೆಯಲ್ಲಿ ಹೆಚ್ಚು ಬಳಕೆಯಾಗಿರುವುದು ತಿಮೊಥಿ ಹುಲ್ಲು. ಅದರ ಸಸ್ಯನಾಮ ಫ್ಲಿಯಂ ಪ್ರಟೆನ್ಸ್ ಆದ್ದರಿಂದ ಅದರ ಅಲರ್ಜಿಕಾರಕ ಪ್ರೋಟೀನುಗಳಿಗೆ ಫ್ಲ್ ಪಿ 1, ಫ್ಲ್ ಪಿ 5 ಎಂಬಂಥ ಹೆಸರುಗಳಿವೆ. ರೈ ಹುಲ್ಲಿನದು ಲೋಲ್ ಪಿ, ಗರಿಕೆಯದು ಸಿನ್ ಡಿ. ಗುಂಪು 1ರ ಪ್ರೋಟೀನುಗಳು ಬೀಟಾ ಎಕ್ಸ್‌ಪಾನ್ಸಿನ್ ಕುಟುಂಬಕ್ಕೆ ಸೇರಿದವು, ಹುಲ್ಲುಗಳಲ್ಲಿ ವ್ಯಾಪಕವಾಗಿವೆ. ಗುಂಪು 5 ಮಾತ್ರ ತಿಮೊಥಿ, ರೈ ಮೊದಲಾದ ಹುಲ್ಲುಗಳಿರುವ ಒಂದು ಉಪಕುಟುಂಬಕ್ಕೆ ಸೀಮಿತವಾಗಿದೆ, ಗರಿಕೆಯಲ್ಲಿ ಅದಿಲ್ಲ. ಗರಿಕೆಯ ಪರಾಗವೇ ಪ್ರಧಾನವಾಗಿರುವ ಕಡೆಯ ರೋಗಿಗಳಲ್ಲಿ ಫ್ಲ್ ಪಿ 5 ಹಿಡಿಯುವ ಕೋಶಗಳನ್ನು ಹುಡುಕಿ, ಸಿಗಲಿಲ್ಲವೆಂದು ಬರೆಯುವುದರಲ್ಲಿ ಅರ್ಥವಿಲ್ಲ.

ಇನ್ನೆರಡು ಪ್ರೋಟೀನುಗಳ ಬಗ್ಗೆ ವಿಶೇಷ ಎಚ್ಚರಿಕೆ ಬೇಕು. ಫ್ಲ್ ಪಿ 7 ಕ್ಯಾಲ್ಸಿಯಂ ಹಿಡಿಯುವ ಪ್ರೋಟೀನು, ಫ್ಲ್ ಪಿ 12 ಪ್ರೊಫಿಲಿನ್. ಇವುಗಳ ಹೋಲಿಕೆಯವು ಮರಗಳ ಪರಾಗದಲ್ಲೂ ಕಳೆಗಳ ಪರಾಗದಲ್ಲೂ ಇವೆ. ಪ್ರೊಫಿಲಿನ್ ಅಂತೂ ಹಣ್ಣು ತರಕಾರಿಗಳಲ್ಲೂ ಇದೆ. ಹೀಗಾಗಿ ಪ್ರೊಫಿಲಿನ್ ಹಿಡಿಯುವ ಐಜಿಇ ಸಿಕ್ಕಿತೆಂದ ಮಾತ್ರಕ್ಕೆ ಅದನ್ನು ಹುಟ್ಟಿಸಿದ್ದು ಹುಲ್ಲೇ ಎನ್ನಲಾಗದು. ಸಸ್ಯ ಪ್ರೋಟೀನುಗಳ ಮೇಲಿನ ಸಕ್ಕರೆ ಸರಪಳಿಗಳಿಗೆ ಅಂಟುವ ಐಜಿಇಯೂ ಹಲವರಲ್ಲಿರುತ್ತದೆ, ಸಾಮಾನ್ಯವಾಗಿ ಅದರಿಂದ ರೋಗಲಕ್ಷಣ ಬರುವುದಿಲ್ಲ. ಪರಾಗದ ಸಾರವನ್ನೇ ಗಾಳವಾಗಿ ಬಳಸಿದರೆ ಈ ಬಗೆಯ ಕೋಶಗಳೂ ಬಲೆಗೆ ಬೀಳುತ್ತವೆ. ಬ್ಯಾಕ್ಟೀರಿಯಾದಲ್ಲಿ ತಯಾರಿಸಿದ, ಸಕ್ಕರೆ ಇಲ್ಲದ, ಒಂದೊಂದೇ ಶುದ್ಧ ಪ್ರೋಟೀನನ್ನು ಬಳಸುವುದು ಸುರಕ್ಷಿತ ಎಂಬುದು ನನ್ನ ಅಭಿಪ್ರಾಯ. ಆದರೆ ಆ ಪ್ರೋಟೀನು ಸರಿಯಾದ ಆಕಾರಕ್ಕೆ ಮಡಚಿಕೊಂಡಿದೆಯೇ ಎಂದು ರೋಗಿಗಳ ಸೀರಮ್‌ನಿಂದ ಮೊದಲೇ ಪರೀಕ್ಷಿಸಿಕೊಳ್ಳಿ, ಏಕೆಂದರೆ ಐಜಿಇ ಗುರುತಿಸುವುದು ಬಹುಪಾಲು ಮಡಚಿದ ಆಕಾರವನ್ನೇ.

ಮಾದರಿ: ಯಾವಾಗ, ಎಲ್ಲಿಂದ

ಐಜಿಇ ಎಷ್ಟು ವಿರಳವೆಂಬುದನ್ನು ಅಂಕಿಯಲ್ಲೇ ನೋಡಿ. ಐಜಿಇಯ ಒಂದು ಅಂತರರಾಷ್ಟ್ರೀಯ ಯೂನಿಟ್ ಎಂದರೆ 2.4 ನ್ಯಾನೋಗ್ರಾಂ. ಒಬ್ಬರ ಒಟ್ಟು ಐಜಿಇ ಲೀಟರಿಗೆ 100 ಕಿಲೋಯೂನಿಟ್ ಇದ್ದರೆ ಅದು 0.24 ಮಿಲಿಗ್ರಾಂ, ಅದೇ ರಕ್ತದಲ್ಲಿ ಐಜಿಜಿ ಸುಮಾರು 10 ಗ್ರಾಂ ಇರುತ್ತದೆ, ಅಂದರೆ ಹೆಚ್ಚುಕಡಿಮೆ 40 ಸಾವಿರ ಪಟ್ಟು. ಕೋಶಗಳ ಲೆಕ್ಕದಲ್ಲೂ ಪರಿಸ್ಥಿತಿ ಬೇರೆಯಲ್ಲ. ರಕ್ತದಲ್ಲಿ ಐಜಿಇ ತಯಾರಿಸುವ ಬಿ ಕೋಶಗಳು ಅತಿ ಕಡಿಮೆ. ಆದ್ದರಿಂದ ಮಾದರಿಯ ಪ್ರಮಾಣದಲ್ಲಿ ಕೃಪಣತೆ ತೋರಿದರೆ ಮುಂದೆ ಎಷ್ಟು ಸೊಗಸಾದ ವಿಶ್ಲೇಷಣೆ ಮಾಡಿದರೂ ಕೈಗೆ ಸಿಗುವುದು ನಾಲ್ಕಾರು ಕೋಶಗಳ ಕಥೆಯಷ್ಟೇ.

ಕಾಲದ ಆಯ್ಕೆಯೂ ಅಷ್ಟೇ ಮುಖ್ಯ. ಪರಾಗದ ಋತುವಿನಲ್ಲಿ ಹಿಂದಿನ ಪ್ರತಿಜನಕವನ್ನು ನೆನಪಿಟ್ಟ ಸ್ಮರಣ ಕೋಶಗಳು ಮತ್ತೆ ಎಚ್ಚೆತ್ತು ಪ್ರತಿಕಾಯ ಸುರಿಸುವ ಪ್ಲಾಸ್ಮಾ ಕೋಶಗಳಾಗುತ್ತವೆ, ಋತು ಮುಗಿಯುವ ಹೊತ್ತಿಗೆ ಹುಲ್ಲಿನ ನಿರ್ದಿಷ್ಟ ಐಜಿಇ ಏರಿರುತ್ತದೆ, ಆಮೇಲೆ ನಿಧಾನವಾಗಿ ಇಳಿಯುತ್ತದೆ. ಒಬ್ಬರಿಂದ ಋತುವಿಗೆ ಮುಂಚೆ ಒಮ್ಮೆ, ಋತುವಿನ ನಡುವೆ ಅಥವಾ ಕೊನೆಯಲ್ಲಿ ಇನ್ನೊಮ್ಮೆ ಮಾದರಿ ತೆಗೆದುಕೊಂಡರೆ ಯಾವ ಕುಲಗಳು (ಒಂದೇ ಬಿ ಕೋಶದಿಂದ ಹುಟ್ಟಿದ ಕೋಶಗಳ ಗುಂಪುಗಳು) ಬೆಳೆದವು ಎಂದು ಹೋಲಿಸಬಹುದು. ಒಬ್ಬರ ಮಾದರಿಯನ್ನು ಋತುವಿನಲ್ಲೂ ಇನ್ನೊಬ್ಬರದನ್ನು ಋತುವಿನ ಹೊರಗೂ ತೆಗೆದು ಹೋಲಿಸುವುದು ಮಾತ್ರ ಬೇಡ.

ರಕ್ತದ ಜೊತೆಗೆ ಮೂಗಿನ ಒಳಪೊರೆಯ ಮಾದರಿಯೂ ಸಿಕ್ಕರೆ ಬಿಡಬೇಡಿ. ಪರಾಗ ಮೊದಲು ಬಂದು ಬೀಳುವುದು ಅಲ್ಲಿಯೇ, ವರ್ಗ ಬದಲಾವಣೆಯ ಕುರುಹುಗಳೂ ಅಲ್ಲಿಯೇ ಕಂಡುಬಂದಿವೆ. ಹುಲ್ಲಿನ ಅಲರ್ಜಿ ಇರುವವರಲ್ಲಿ ಮೂಗಿನ ಪೊರೆಯ ಐಜಿಇ ಅನುಕ್ರಮಗಳನ್ನು ರಕ್ತದವುಗಳೊಂದಿಗೆ ಹೋಲಿಸಿದಾಗ ಎರಡೂ ಕಡೆ ಹಂಚಿಕೊಂಡ ಕುಲಗಳು ಸಿಕ್ಕಿವೆ. ಪೊರೆಯ ಮಾದರಿಯನ್ನು ತಡಮಾಡದೆ ಆರ್‌ಎನ್‌ಎ ಕಾಪಾಡುವ ದ್ರಾವಣಕ್ಕೆ ಹಾಕಬೇಕು.

ಕೋಶಗಳನ್ನು ಬೇರ್ಪಡಿಸುವಾಗ ಎಲ್ಲರೂ ಎಡವುವ ಜಾಗ ಒಂದಿದೆ. ಬಿ ಕೋಶಗಳ ಮೇಲೆ ಸಿಡಿ23 ಎಂಬ ಗ್ರಾಹಕವಿದ್ದು ಅದು ರಕ್ತದಲ್ಲಿ ತೇಲುವ ಐಜಿಇಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಐಜಿಇ ವಿರೋಧಿ ಬಣ್ಣ ಹಾಕಿದರೆ ಐಜಿಎಂ ತಯಾರಿಸುವ ಕೋಶವೂ ಐಜಿಇ ಕೋಶದಂತೆ ಹೊಳೆಯುತ್ತದೆ. ಇದನ್ನು ತಪ್ಪಿಸಲು ಮೇಲ್ಮೈಯ ಐಜಿಇಯನ್ನು ಆಮ್ಲದ ದ್ರಾವಣದಲ್ಲಿ ತೊಳೆಯುವುದು, ಐಜಿಎಂ, ಐಜಿಡಿ, ಐಜಿಜಿ, ಐಜಿಎಗಳನ್ನು ಮೊದಲು ಹೊರಗಿಡುವುದು ಮೊದಲಾದ ಕ್ರಮಗಳಿವೆ. ಕೊನೆಯ ಸಾಕ್ಷ್ಯ ಮಾತ್ರ ಆ ಕೋಶದ ಆರ್‌ಎನ್‌ಎಯೇ: ಅದರಲ್ಲಿ ವಿ-ಡಿ-ಜೆಗೆ ಎಪ್ಸಿಲಾನ್ ಸೇರಿದ್ದರೆ ಅದು ಐಜಿಇ ಕೋಶ, ಇಲ್ಲದಿದ್ದರೆ ಅಲ್ಲ.

ಅನುಕ್ರಮ ಪಡೆಯುವುದು

ಇಲ್ಲಿ ಆಯ್ಕೆ ಎರಡು. ಎಲ್ಲ ಕೋಶಗಳ ಆರ್‌ಎನ್‌ಎಯನ್ನು ಒಟ್ಟಿಗೆ ತೆಗೆದು ಎಪ್ಸಿಲಾನ್ ಪ್ರೈಮರ್‌ನಿಂದ (ಆ ಭಾಗಕ್ಕೆ ಅಂಟುವ ಸಣ್ಣ ಡಿಎನ್‌ಎ ತುಣುಕಿನಿಂದ) ವರ್ಧಿಸಿದರೆ ಸಾವಿರಾರು ಅನುಕ್ರಮಗಳು ಸಿಗುತ್ತವೆ, ಆದರೆ ಯಾವ ಭಾರ ಸರಪಳಿಗೆ ಯಾವ ಹಗುರ ಸರಪಳಿ ಜೋಡಿ ಎಂದು ತಿಳಿಯುವುದಿಲ್ಲ. ಒಂಟಿ ಕೋಶದ ವಿಧಾನದಲ್ಲಿ ಸಂಖ್ಯೆ ಕಡಿಮೆ, ಜೋಡಿ ಖಚಿತ. ಪ್ರತಿಕಾಯವನ್ನು ಮರಳಿ ತಯಾರಿಸಿ ಪರೀಕ್ಷಿಸುವ ಉದ್ದೇಶವಿದ್ದರೆ ಎರಡನೆಯದೇ ಸರಿ.

ಯಾವ ದಾರಿ ಹಿಡಿದರೂ ಪ್ರತಿ ಆರ್‌ಎನ್‌ಎ ಅಣುವಿಗೂ ಯುಎಂಐ ಎಂಬ ಗುರುತುಪಟ್ಟಿಯನ್ನು ಮೊದಲ ಹಂತದಲ್ಲೇ ಅಂಟಿಸಿ. ಪ್ಲಾಸ್ಮಾ ಕೋಶವೊಂದು ಅಪಾರ ಪ್ರಮಾಣದ ಆರ್‌ಎನ್‌ಎ ಇಟ್ಟುಕೊಂಡಿರುತ್ತದೆ. ಒಂದೇ ಕೋಶದಿಂದ ಬಂದ ನೂರಾರು ಪ್ರತಿಗಳನ್ನು ನೂರಾರು ಕೋಶಗಳೆಂದು ಎಣಿಸುವ ಅಪಾಯವಿದೆ, ಮತ್ತು ಪಿಸಿಆರ್‌ನಲ್ಲಾದ (ಪ್ರತಿಗಳನ್ನು ಹೆಚ್ಚಿಸುವ ಕ್ರಿಯೆಯಲ್ಲಾದ) ತಪ್ಪುಗಳನ್ನು ಉತ್ಪರಿವರ್ತನೆಗಳೆಂದು ಓದುವ ಅಪಾಯವೂ ಇದೆ. ಯುಎಂಐ ಪಿಸಿಆರ್ ತಪ್ಪುಗಳನ್ನು ಬಹುಮಟ್ಟಿಗೆ ತಿದ್ದುತ್ತದೆ. ಅಣುಗಳನ್ನು ಕೋಶಗಳೆಂದು ತಿಳಿಯುವ ತಪ್ಪನ್ನು ಅದು ತಿದ್ದಲಾರದು. ಅದಕ್ಕಾಗಿ ಅದೇ ಮಾದರಿಯನ್ನು ಎರಡು ಮೂರು ಪಾಲು ಮಾಡಿ ಬೇರೆ ಬೇರೆಯಾಗಿ ವರ್ಧಿಸಿ, ಒಂದಕ್ಕಿಂತ ಹೆಚ್ಚು ಪಾಲಿನಲ್ಲಿ ಕಾಣಿಸಿಕೊಂಡ ಕುಲಗಳನ್ನಷ್ಟೇ ದೊಡ್ಡ ಕುಲಗಳೆಂದು ಪರಿಗಣಿಸಿ. ಆರ್‌ಎನ್‌ಎ ಬದಲು ಜೀನೋಮ್ ಡಿಎನ್‌ಎಯಿಂದ ಹೊರಟರೆ ಇನ್ನೊಂದು ತೊಡಕಿದೆ: ಎಪ್ಸಿಲಾನ್‌ನ ಕೆಲಸ ಮಾಡದ ಹುಸಿ ಜೀನ್ ಒಂದು 14ನೆಯ ವರ್ಣತಂತುವಿನಲ್ಲೂ ಇನ್ನೊಂದು 9ನೆಯದರಲ್ಲೂ ಇವೆ, ಪ್ರೈಮರ್ ಅಲ್ಲಿಗೂ ಅಂಟಬಹುದು.

ಮೂಲ ಜೀನನ್ನು ಗುರುತಿಸಿ, ಆಮೇಲೆ ಎಣಿಸಿ

ಅನುಕ್ರಮ ಕೈಗೆ ಬಂದ ಮೇಲೆ ಅದು ಯಾವ ವಿ, ಡಿ, ಜೆಗಳಿಂದ ಹುಟ್ಟಿತೆಂದು ಗುರುತಿಸಬೇಕು. ಫ್ರಾನ್ಸಿನ ಮೋಂಪೆಲಿಯೆಯಲ್ಲಿ ಮರಿ-ಪಾಲ್ ಲೆಫ್ರಾಂಕ್ 1989ರಲ್ಲಿ ಕಟ್ಟಿದ ಇಮ್ಜಿಟಿ ದತ್ತಕೋಶ ಮತ್ತು ಅದರ ವಿ-ಕ್ವೆಸ್ಟ್ ಸಾಧನ, ಅಮೆರಿಕದ ಎನ್‌ಸಿಬಿಐಯ ಐಜಿಬ್ಲಾಸ್ಟ್ ಇದಕ್ಕೆ ಎಲ್ಲರೂ ಬಳಸುವಂಥವು. ಸಾಧನ ಕೊಟ್ಟ ಉತ್ತರವನ್ನು ಹಾಗೆಯೇ ಒಪ್ಪಿಕೊಳ್ಳುವ ಮೊದಲು ಕೆಲವು ಅನುಕ್ರಮಗಳನ್ನಾದರೂ ಕೈಯಾರೆ ಬಿಡಿಸಿ ನೋಡುವ ಅಭ್ಯಾಸ ಬೆಳೆಸಿಕೊಳ್ಳಿ. ವಿವರಣೆಗೆಂದು ರಚಿಸಿದ ಒಂದು ಉದಾಹರಣೆ ಇಲ್ಲಿದೆ:

ಟಿಜಿಟಿ ಜಿಸಿಜಿ ಎಜಿಎ ಜಿಎಸಿ ಸಿಸಿಜಿ ಟಿಎಟಿ ಜಿಜಿಟಿ ಟಿಸಿಜಿ ಜಿಜಿಜಿ ಎಜಿಟಿ ಸಿಜಿಟಿ ಟಿಎಸಿ ಟಿಟಿಟಿ ಜಿಎಸಿ ಟಿಎಸಿ ಟಿಜಿಜಿ

ಮೂರು ಬೇಸ್‌ಗಳ ಪ್ರತಿ ಗುಂಪೂ ಒಂದು ಕೋಡಾನ್, ಅದು ಒಂದು ಅಮೈನೋ ಆಮ್ಲವನ್ನು ಸೂಚಿಸುತ್ತದೆ. ಮೊದಲ ಟಿಜಿಟಿ ಸಿಸ್ಟೀನ್, ಕೊನೆಯ ಟಿಜಿಜಿ ಟ್ರಿಪ್ಟೋಫಾನ್. ಭಾರ ಸರಪಳಿಯ ಸಂಧಿಭಾಗ ಇವೆರಡನ್ನೂ ಒಳಗೊಂಡು ಒಂದರಿಂದ ಇನ್ನೊಂದರವರೆಗೆ ಇರುತ್ತದೆ. ಇವನ್ನು ಬಿಟ್ಟು ಉಳಿದ 14 ಅಮೈನೋ ಆಮ್ಲಗಳೇ ಸಿಡಿಆರ್3. ಮೊದಲ 11 ಬೇಸ್‌ಗಳು, ಅಂದರೆ ಟಿಜಿಟಿ ಜಿಸಿಜಿ ಎಜಿಎ ಜಿಎ, ಹಲವು ವಿ ಜೀನ್‌ಗಳು ಮುಗಿಯುವ ರೀತಿಯೇ. ಟಿಎಟಿಯಿಂದ ಎಜಿಟಿವರೆಗಿನ 15 ಬೇಸ್‌ಗಳು ಐಜಿಎಚ್‌ಡಿ3-10 ಎಂಬ ಡಿ ತುಂಡಿನೊಳಗಿನವು. ಕೊನೆಯ 15 ಬೇಸ್‌ಗಳು ಐಜಿಎಚ್‌ಜೆ4ರವು. ಉಳಿದದ್ದು ವಿ ಮತ್ತು ಡಿ ನಡುವಿನ ನಾಲ್ಕು ಬೇಸ್ ಹಾಗೂ ಡಿ ಮತ್ತು ಜೆ ನಡುವಿನ ಮೂರು. ಈ ಏಳೂ ಯಾವ ಮೂಲ ಜೀನಿನಲ್ಲೂ ಇಲ್ಲದವು, ಟಿಡಿಟಿ ಸೇರಿಸಿದವು. ಒಬ್ಬ ವ್ಯಕ್ತಿಯ ಎರಡು ಅನುಕ್ರಮಗಳಲ್ಲಿ ಈ ಏಳೂ ಬೇಸ್‌ಗಳು ಒಂದೇ ಆಗಿದ್ದರೆ, ನಾಲ್ಕೂ ಬೇಸ್‌ಗಳಿಗೆ ಸಮಾನ ಅವಕಾಶವೆಂದು ಸರಳವಾಗಿ ಎಣಿಸಿದರೂ ಅದು ಆಕಸ್ಮಿಕವಾಗಿರುವ ಸಾಧ್ಯತೆ 16,384ರಲ್ಲಿ ಒಂದು. ಒಂದೇ ವಿ, ಒಂದೇ ಜೆ, ಅಂಚಿನಲ್ಲಿ ಒಂದೇ ಪ್ರಮಾಣದ ಕಳಚುವಿಕೆ ಎಂಬ ಷರತ್ತುಗಳು ಸೇರಿದರೆ ಸಾಧ್ಯತೆ ಇನ್ನೂ ಕುಗ್ಗುತ್ತದೆ. ಎನ್ ಬೇಸ್‌ಗಳೇ ಇಲ್ಲದ ಚಿಕ್ಕ ಸಿಡಿಆರ್3ಗಳ ವಿಷಯದಲ್ಲಿ ಈ ಧೈರ್ಯ ಸಲ್ಲದು. ಅವು ಬೇರೆ ಬೇರೆ ಕೋಶಗಳಲ್ಲಿ, ಬೇರೆ ಬೇರೆ ಜನರಲ್ಲೂ, ತಾವಾಗಿಯೇ ಒಂದೇ ರೀತಿ ಹುಟ್ಟಬಲ್ಲವು.

ಉತ್ಪರಿವರ್ತನೆಗಳನ್ನು ಎಣಿಸುವುದು ಮುಂದಿನ ಕೆಲಸ. ಆನುವಂಶಿಕವಾಗಿ ಬಂದದ್ದನ್ನು ಗಳಿಸಿದ್ದೆಂದು ತಪ್ಪಾಗಿ ಬರೆಯುವುದು ಹೆಚ್ಚಾಗಿ ಇಲ್ಲಿಯೇ. ದತ್ತಕೋಶದ ವಿ ಜೀನಿಗೆ ಹೋಲಿಸಿದಾಗ ನಿಮ್ಮ ಐಜಿಇ ಅನುಕ್ರಮದ 294 ಬೇಸ್‌ಗಳಲ್ಲಿ 15 ವ್ಯತ್ಯಾಸ ಕಂಡವು ಎಂದಿಟ್ಟುಕೊಳ್ಳಿ. ಶೇ. 5.1ರಷ್ಟು ಉತ್ಪರಿವರ್ತನೆ ಎಂದು ಬರೆದುಬಿಡುವುದು ಸುಲಭ. ಆದರೆ ಅದೇ ವ್ಯಕ್ತಿಯ ಐಜಿಎಂ ಅನುಕ್ರಮಗಳಲ್ಲಿ, ಪ್ರತಿಜನಕವನ್ನೇ ಕಾಣದ ಕೋಶಗಳವುಗಳಲ್ಲೂ, ಅದೇ ವಿ ಜೀನಿನ ಮೇಲೆ ಈ ಹದಿನೈದರಲ್ಲಿ ಎರಡು ವ್ಯತ್ಯಾಸಗಳು ತಪ್ಪದೆ ಕಾಣಿಸುತ್ತಿದ್ದರೆ ಅವು ಉತ್ಪರಿವರ್ತನೆಗಳಲ್ಲ. ಆ ವ್ಯಕ್ತಿಗೆ ತಂದೆಯಿಂದಲೋ ತಾಯಿಯಿಂದಲೋ ಬಂದ ಬೇರೊಂದು ಆಲೀಲ್, ಅಂದರೆ ಅದೇ ಜೀನಿನ ಇನ್ನೊಂದು ರೂಪ. ನಿಜವಾದ ಎಣಿಕೆ 13, ಅಂದರೆ ಶೇ. 4.4. ವ್ಯತ್ಯಾಸ ಸಣ್ಣದೆನಿಸಬಹುದು. ಆದರೆ ಇದೇ ತಪ್ಪು ಒಬ್ಬರ ಎಲ್ಲ ಅನುಕ್ರಮಗಳಲ್ಲೂ ಪುನರಾವರ್ತನೆಯಾದರೆ, ಪ್ರತಿಜನಕವೇ ಆ ಎರಡು ಬದಲಾವಣೆಗಳನ್ನು ಆರಿಸಿತು ಎಂಬ ಸುಳ್ಳು ತೀರ್ಮಾನಕ್ಕೆ ಅದು ಒಯ್ಯುತ್ತದೆ.

ಆದ್ದರಿಂದ ಪ್ರತಿ ವ್ಯಕ್ತಿಗೂ ಐಜಿಎಂ ಅನುಕ್ರಮಗಳನ್ನು ಸಾಕಷ್ಟು ಆಳದಲ್ಲಿ ಪಡೆದು, ಅವರದೇ ವಿ ಜೀನ್‌ಗಳ ಪಟ್ಟಿಯನ್ನು ಮೊದಲು ಕಟ್ಟಿಕೊಳ್ಳಿ. ಐಜಿಡಿಸ್ಕವರ್, ಟಿಗರ್ ಮೊದಲಾದ ಸಾಧನಗಳು ಇದಕ್ಕೆಂದೇ ಇವೆ. ಭಾರ ಸರಪಳಿಯ ಪ್ರದೇಶದಲ್ಲಿ ಜನರ ನಡುವಿನ ವ್ಯತ್ಯಾಸ ಒಂದೊಂದು ಬೇಸ್‌ಗೆ ನಿಲ್ಲುವುದಿಲ್ಲ. ಕೆಲವರಲ್ಲಿ ಇಡೀ ವಿ ಜೀನೇ ಇರುವುದಿಲ್ಲ, ಕೆಲವರಲ್ಲಿ ಒಂದರ ಬದಲು ಎರಡು ಪ್ರತಿಗಳಿರುತ್ತವೆ. ಒಬ್ಬ ರೋಗಿಯಲ್ಲಿ ಫ್ಲ್ ಪಿ 1ಕ್ಕೆ ಅಂಟುವ ಪ್ರತಿಕಾಯ ಯಾವುದೋ ವಿ ಜೀನನ್ನು ಬಳಸಿಲ್ಲ ಎನ್ನುವ ಮುನ್ನ ಆ ಜೀನ್ ಅವರಲ್ಲಿದೆಯೇ ಎಂದು ನೋಡಿರಬೇಕು. ಈ ಪ್ರದೇಶದ ಆಲೀಲ್ ಮಾಹಿತಿ ವ್ಯಕ್ತಿಯ ಗುರುತನ್ನು ಹೊರಗೆಡವಬಲ್ಲದು ಎಂಬುದನ್ನೂ ಮರೆಯಬಾರದು. ಮಾದರಿ ಕೊಡುವವರ ಒಪ್ಪಿಗೆ ಪತ್ರದಲ್ಲಿ ಅದನ್ನು ಸ್ಪಷ್ಟವಾಗಿ ತಿಳಿಸಿ.

ಪ್ರೈಮರ್ ಕುಳಿತ ಜಾಗವನ್ನು ಎಣಿಕೆಯಿಂದ ತೆಗೆಯಿರಿ. ವಿ ಜೀನಿನ ಆರಂಭಕ್ಕೆ ಅಂಟುವ ಪ್ರೈಮರ್ ಬಳಸಿದ್ದರೆ ಅಲ್ಲಿನ ಅನುಕ್ರಮ ಪ್ರೈಮರ್‌ನದು, ಕೋಶದ್ದಲ್ಲ.

ಕುಲಗಳಾಗಿ ಗುಂಪು ಮಾಡಿ, ವಂಶವೃಕ್ಷ ಬರೆಯಿರಿ

ಒಂದೇ ಮೂಲ ಬಿ ಕೋಶದಿಂದ ಹುಟ್ಟಿದ ಎಲ್ಲ ಕೋಶಗಳೂ ಒಂದು ಕುಲ. ರೂಢಿಯ ಕ್ರಮ ಇದು: ವಿ ಒಂದೇ, ಜೆ ಒಂದೇ, ಸಂಧಿಭಾಗದ ಉದ್ದ ಒಂದೇ, ಮತ್ತು ಸಂಧಿಭಾಗದ ಬೇಸ್‌ಗಳಲ್ಲಿ ಹೆಚ್ಚುಕಡಿಮೆ ಶೇ. 85ರಿಂದ 90ರಷ್ಟು ಹೋಲಿಕೆ ಇರುವವನ್ನು ಒಂದೇ ಗುಂಪಿಗೆ ಸೇರಿಸುವುದು. ಮಿತಿಯನ್ನು ಕಣ್ಣುಮುಚ್ಚಿ ಇಡಬೇಡಿ. ಪ್ರತಿ ಅನುಕ್ರಮಕ್ಕೂ ಅದರ ಅತಿ ಹತ್ತಿರದ ನೆಂಟನ ದೂರವನ್ನು ಲೆಕ್ಕಹಾಕಿ ಹರಡಿ ನೋಡಿದರೆ ಸಾಮಾನ್ಯವಾಗಿ ಎರಡು ದಿಬ್ಬಗಳು ಕಾಣುತ್ತವೆ, ಅವುಗಳ ನಡುವಿನ ತಗ್ಗೇ ಮಿತಿ. ಇಮ್‌ಕ್ಯಾಂಟೇಶನ್ ಎಂಬ ಸಾಧನಗಳ ಸಮೂಹದಲ್ಲಿ ಇದಕ್ಕೆ ವ್ಯವಸ್ಥೆ ಇದೆ.

ಕುಲ ಕಟ್ಟುವಾಗ ಐಜಿಇ ಅನುಕ್ರಮಗಳನ್ನಷ್ಟೇ ತೆಗೆದುಕೊಂಡರೆ ಅಧ್ಯಯನದ ಅರ್ಧ ಬೆಲೆ ಹೋಗುತ್ತದೆ. ಅದೇ ವ್ಯಕ್ತಿಯ ಐಜಿಎಂ, ಐಜಿಜಿ, ಐಜಿಎ ಅನುಕ್ರಮಗಳನ್ನೂ ಸೇರಿಸಿ. ಮೇಲಿನ ಉದಾಹರಣೆಯನ್ನೇ ಮುಂದುವರಿಸಿ ಹೇಳುವುದಾದರೆ, ಒಂದು ಐಜಿಜಿ1 ಕೋಶದಲ್ಲಿ ಹತ್ತನೆಯ ಕೋಡಾನ್ ಎಜಿಟಿ ಆಗಿಯೇ ಇದ್ದು, ಐಜಿಇ ಕೋಶದಲ್ಲಿ ಅದು ಎಎಟಿ ಆಗಿದ್ದರೆ, ಅಂದರೆ ಸೆರೀನ್ ಹೋಗಿ ಆಸ್ಪರಜಿನ್ ಬಂದಿದ್ದರೆ, ಸಂಧಿಭಾಗದ 48 ಬೇಸ್‌ಗಳಲ್ಲಿ ವ್ಯತ್ಯಾಸ ಒಂದೇ. ಎರಡೂ ಒಂದೇ ಕುಲಕ್ಕೆ ಸೇರುತ್ತವೆ. ವಿ ಭಾಗದ ಇತರ ಉತ್ಪರಿವರ್ತನೆಗಳನ್ನು ಎರಡೂ ಹಂಚಿಕೊಂಡಿದ್ದು, ಈ ಒಂದು ಮಾತ್ರ ಐಜಿಇಯಲ್ಲಿ ಹೆಚ್ಚಾಗಿದ್ದರೆ, ಬಹುಪಾಲು ಉತ್ಪರಿವರ್ತನೆಗಳು ಕೋಶ ಐಜಿಇಗೆ ಬದಲಾಗುವ ಮೊದಲೇ ಆಗಿದ್ದವು ಎಂದು ಹೇಳಲು ಆಧಾರ ಸಿಗುತ್ತದೆ. ಇಂಥ ವೃಕ್ಷಗಳು ಏಕೆ ಬೇಕೆಂದರೆ, ಮನುಷ್ಯನಲ್ಲಿ ಅಲರ್ಜಿಯ ನೆನಪನ್ನು ಉಳಿಸಿಕೊಂಡಿರುವುದು ಹೆಚ್ಚಾಗಿ ಐಜಿಇ ಸ್ಮರಣ ಕೋಶಗಳಲ್ಲ, ಐಜಿಜಿ1 ಸ್ಮರಣ ಕೋಶಗಳು ಎಂಬ ಅಭಿಪ್ರಾಯ ಬಲವಾಗಿದೆ. ಐಎಲ್-4 ಗ್ರಾಹಕವನ್ನೂ ಸಿಡಿ23ನ್ನೂ ಹೆಚ್ಚು ಹೊತ್ತಿರುವ ಐಜಿಜಿ1 ಸ್ಮರಣ ಕೋಶಗಳು ಐಜಿಇಯ ಮೂಲವಾಗಿರುವುದನ್ನು 2024ರಲ್ಲಿ ಎರಡು ಸಂಶೋಧನಾ ಗುಂಪುಗಳು ವಿವರಿಸಿವೆ.

ವೃಕ್ಷ ಬರೆಯುವಾಗ ಬೇರು ಎಲ್ಲಿಡಬೇಕೆಂಬ ಗೊಂದಲ ಬೇಡ. ಉತ್ಪರಿವರ್ತನೆ ಇಲ್ಲದ ಮೂಲ ಜೀನೇ ಬೇರು. ವರ್ಗದ ದಿಕ್ಕು ಸ್ಥಿರ ಭಾಗದ ಜೀನ್‌ಗಳ ಕ್ರಮಕ್ಕೆ ವಿರುದ್ಧವಾಗಿದ್ದರೆ, ಅಂದರೆ ಐಜಿಇ ಕೊಂಬೆಯಿಂದ ಐಜಿಜಿ1 ಚಿಗುರಿದಂತೆ ಚಿತ್ರ ಬಂದರೆ, ತಪ್ಪಿರುವುದು ಜೀವಕೋಶದಲ್ಲಿ ಅಲ್ಲ, ವೃಕ್ಷದಲ್ಲಿ. ಮಾದರಿಗೆ ಸಿಗದ ಪೂರ್ವಜ ಕೋಶವೊಂದು ನಡುವೆ ಇದ್ದಿರಬೇಕು, ಇಲ್ಲವೇ ಪಿಸಿಆರ್‌ನಲ್ಲಿ ಎರಡು ಅನುಕ್ರಮಗಳು ಬೆಸೆದುಕೊಂಡಿರಬೇಕು.

ಆಯ್ಕೆಯ ಒತ್ತಡವನ್ನು ಅಳೆಯಲು ಅಮೈನೋ ಆಮ್ಲ ಬದಲಿಸುವ ಮತ್ತು ಬದಲಿಸದ ಉತ್ಪರಿವರ್ತನೆಗಳ ಅನುಪಾತವನ್ನು ನೋಡುವುದು ವಾಡಿಕೆ. ಎಐಡಿಗೆ ಮೆಚ್ಚಿನ ಜಾಗಗಳಿವೆ, ಎ ಅಥವಾ ಟಿ, ಅದರ ನಂತರ ಎ ಅಥವಾ ಜಿ, ಅದರ ನಂತರ ಸಿ ಇರುವ ಕಡೆ ಅದು ಹೆಚ್ಚು ದಾಳಿ ಮಾಡುತ್ತದೆ. ಪ್ರತಿಜನಕ ಹಿಡಿಯುವ ಕುಣಿಕೆಗಳಲ್ಲಿ ಇಂಥ ಜಾಗಗಳು ಸ್ವಭಾವತಃ ಹೆಚ್ಚು. ಈ ಒಲವನ್ನು ಲೆಕ್ಕಕ್ಕೆ ಹಿಡಿಯದೆ ಬರೀ ಅನುಪಾತ ನೋಡಿದರೆ ಇಲ್ಲದ ಆಯ್ಕೆ ಕಾಣಿಸುತ್ತದೆ.

ಪರಾಗಕ್ಕೆ ಅಂಟುವುದೇ ಎಂದು ಪರೀಕ್ಷಿಸಿ

ಹುಲ್ಲಿನ ಅಲರ್ಜಿ ಇರುವವರ ಐಜಿಇ ಎಲ್ಲವೂ ಹುಲ್ಲಿಗೆ ಅಂಟುವುದಿಲ್ಲ. ಅವರಿಗೆ ಧೂಳಿನ ನುಸಿಯ ಅಲರ್ಜಿಯೂ ಇರಬಹುದು, ಕೆಲವು ಐಜಿಇಗಳ ಗುರಿ ಯಾವುದೆಂದು ಗೊತ್ತೇ ಆಗದಿರಬಹುದು. ಅನುಕ್ರಮವನ್ನು ನೋಡಿ ಗುರಿಯನ್ನು ಊಹಿಸುವುದು ಇಂದಿಗೂ ಭರವಸೆಗೆ ಅರ್ಹವಲ್ಲ. ಭಾರ ಮತ್ತು ಹಗುರ ಸರಪಳಿಗಳನ್ನು ಜೋಡಿಯಾಗಿ ಕೋಶಗಳಲ್ಲಿ ತಯಾರಿಸಿ, ಶುದ್ಧ ಫ್ಲ್ ಪಿ 1, ಫ್ಲ್ ಪಿ 5 ಇತ್ಯಾದಿಗಳ ಮೇಲೆ ಪರೀಕ್ಷಿಸುವುದೊಂದೇ ದಾರಿ. 1996ರಲ್ಲೇ ಒಬ್ಬ ರೋಗಿಯ ಐಜಿಇ ಜೀನ್‌ಗಳಿಂದ ಫೇಜ್ ವೈರಸ್ಸುಗಳ ಮೇಲೆ ಸಂಗ್ರಹ ಕಟ್ಟಿ, ಫ್ಲ್ ಪಿ 5 ಹಿಡಿಯುವ ತುಣುಕುಗಳನ್ನು ವಿಯೆನ್ನಾದ ಸಂಶೋಧಕರು ಹೊರತೆಗೆದಿದ್ದರು. ಆ ವಿಧಾನದಲ್ಲಿ ಸಹಜ ಜೋಡಿ ಉಳಿಯುವುದಿಲ್ಲ ಎಂಬ ಕೊರತೆಯಿದ್ದರೂ, ಈ ಕ್ಷೇತ್ರಕ್ಕೆ ಅದು ದಾರಿ ತೆರೆಯಿತು.

ಅಂಟುವ ಬಲವನ್ನು ಅಳೆದರೆ ಮಾತ್ರ ಸಾಲದು. ಮಾಸ್ಟ್ ಕೋಶ ಕೆರಳಬೇಕಾದರೆ ಒಂದೇ ಪ್ರೋಟೀನಿನ ಮೇಲೆ ಕನಿಷ್ಠ ಎರಡು ಐಜಿಇಗಳು ಬೇರೆ ಬೇರೆ ಜಾಗದಲ್ಲಿ ಒಟ್ಟಿಗೆ ಕೂರಬೇಕು. ಆದ್ದರಿಂದ ಒಂದೇ ಕುಲದ ಹತ್ತು ಪ್ರತಿಕಾಯಗಳಿಗಿಂತ, ಬೇರೆ ಬೇರೆ ಜಾಗ ಹಿಡಿಯುವ ಎರಡು ಕುಲಗಳು ಹೆಚ್ಚು ಪರಿಣಾಮಕಾರಿ. ಪ್ರತಿಕಾಯಗಳನ್ನು ಜೋಡಿಜೋಡಿಯಾಗಿ ಸ್ಪರ್ಧೆಗಿಟ್ಟು ಯಾವುದು ಯಾವುದನ್ನು ತಡೆಯುತ್ತದೆ ಎಂದು ನೋಡಿ, ಬಳಿಕ ಬೇಸೊಫಿಲ್ ಪರೀಕ್ಷೆಗೆ ಹೋಗುವುದು ಒಳ್ಳೆಯ ಕ್ರಮ.

ವಂಶದಿಂದ ಬರುವ ಒಲವನ್ನು ಬೇರೆಯಾಗಿಯೇ ಇಡಿ

ಅಲರ್ಜಿ ಕುಟುಂಬಗಳಲ್ಲಿ ಸಾಗಿ ಬರುತ್ತದೆ, ಏಕರೂಪಿ ಅವಳಿಗಳಲ್ಲಿ ಇಬ್ಬರಿಗೂ ಇರುವ ಸಂಭವ ಇತರ ಅವಳಿಗಳಿಗಿಂತ ಹೆಚ್ಚು. ಇದನ್ನು ಕೇಳಿದವರು ಐಜಿಇ ಜೀನೇ ದೋಷಯುಕ್ತವಾಗಿರಬೇಕು ಎಂದು ಭಾವಿಸುವುದುಂಟು. ಹಾಗಲ್ಲ. ಇಲ್ಲಿಯವರೆಗೆ ಗಟ್ಟಿಯಾಗಿ ನಿಂತಿರುವ ಸಂಬಂಧಗಳು ಬಹುತೇಕ ಪ್ರತಿಕಾಯ ಜೀನ್‌ಗಳ ಹೊರಗಿವೆ: 6ನೆಯ ವರ್ಣತಂತುವಿನ ಎಚ್‌ಎಲ್‌ಎ, 5ನೆಯದರ ಐಎಲ್-4 ಮತ್ತು ಐಎಲ್-13 ಇರುವ ಪ್ರದೇಶ, 12ನೆಯದರ ಸ್ಟ್ಯಾಟ್6, ಐಜಿಇ ಗ್ರಾಹಕದ ಆಲ್ಫಾ ಸರಪಳಿಯ ಜೀನ್ ಇರುವ 1ನೆಯದು. ಎಚ್‌ಎಲ್‌ಎ ಪಾತ್ರ ಸುಲಭವಾಗಿ ಅರ್ಥವಾಗುವಂಥದು. ಬಿ ಕೋಶಕ್ಕೆ ನೆರವಾಗುವ ಟಿ ಕೋಶ ಪರಾಗದ ಪ್ರೋಟೀನಿನ ತುಣುಕನ್ನು ಎಚ್‌ಎಲ್‌ಎ ಅಣುವಿನ ಮೇಲಷ್ಟೇ ಗುರುತಿಸುತ್ತದೆ, ಯಾವ ತುಣುಕು ಅಲ್ಲಿ ಕೂರುತ್ತದೆ ಎಂಬುದು ಆಲೀಲ್ ಮೇಲೆ ನಿಂತಿದೆ. ರೈ ಹುಲ್ಲಿನ ಲೋಲ್ ಪಿ 1ಕ್ಕೆ ಪ್ರತಿಕಾಯ ತಯಾರಿಸುವವರಲ್ಲಿ ಡಿಆರ್3 ಎಂಬ ಎಚ್‌ಎಲ್‌ಎ ಬಗೆ ಹೆಚ್ಚಾಗಿರುವುದು 1980ರ ದಶಕದಲ್ಲೇ ಕಂಡುಬಂದಿತ್ತು. ಒಟ್ಟು ಐಜಿಇ ಮಟ್ಟವನ್ನು ಪ್ರಭಾವಿಸುವ ಜೀನ್ ಬೇರೆ, ಹುಲ್ಲಿಗೇ ನಿರ್ದಿಷ್ಟವಾದ ಪ್ರತಿಕ್ರಿಯೆಯನ್ನು ಪ್ರಭಾವಿಸುವುದು ಬೇರೆ ಇರಬಹುದು. ಅಧ್ಯಯನದಲ್ಲಿ ಅಳೆದದ್ದು ಯಾವುದನ್ನು ಎಂದು ಮೊದಲು ನೋಡಿ.

ಚಿಕಿತ್ಸೆ ಪಡೆದವರ ಅನುಕ್ರಮಗಳನ್ನು ಓದುವಾಗ

ಹುಲ್ಲಿನ ಪರಾಗದ ಸಾರವನ್ನು ಚುಚ್ಚುಮದ್ದಾಗಿ ಕೊಡುವ ಚಿಕಿತ್ಸೆಯನ್ನು ಲೆನರ್ಡ್ ನೂನ್ 1911ರಲ್ಲಿ ವರದಿ ಮಾಡಿದರು. ಇಂದು ನಾಲಿಗೆಯ ಕೆಳಗಿಡುವ ಮಾತ್ರೆಗಳೂ ಇವೆ. ಚಿಕಿತ್ಸೆಯ ಮೊದಲ ತಿಂಗಳುಗಳಲ್ಲಿ ಹುಲ್ಲಿನ ಐಜಿಇ ಇಳಿಯುವ ಬದಲು ಏರುವುದು ಸಾಮಾನ್ಯ, ಬಳಿಕ ಐಜಿಜಿ4 ಬಹಳ ಹೆಚ್ಚುತ್ತದೆ, ಋತುವಿನ ಏರಿಕೆ ತಗ್ಗುತ್ತದೆ. ಈ ಐಜಿಜಿ4 ಪರಾಗದ ಪ್ರೋಟೀನನ್ನು ಮೊದಲೇ ಹಿಡಿದು ಐಜಿಇಗೆ ಸಿಗದಂತೆ ಮಾಡುತ್ತದೆ. ಚಿಕಿತ್ಸೆಯಿಂದ ಐಜಿಇ ಕೋಶಗಳು ಐಜಿಜಿ4 ಕೋಶಗಳಾಗಿ ಬದಲಾದವು ಎಂಬ ಮಾತು ಆಗಾಗ ಕೇಳಿಬರುತ್ತದೆ. ಗಾಮಾ4 ಜೀನ್ ಎಪ್ಸಿಲಾನ್‌ಗಿಂತ ಮೊದಲೇ ಇರುವುದರಿಂದ, ಐಜಿಇ ಕೋಶದಲ್ಲಿ ಅದು ಕಿತ್ತುಹೋಗಿಯಾಗಿರುತ್ತದೆ. ಆ ಬದಲಾವಣೆ ಸಾಧ್ಯವೇ ಇಲ್ಲ. ಒಂದು ಕುಲದಲ್ಲಿ ಐಜಿಇಯೂ ಐಜಿಜಿ4ವೂ ಸಿಕ್ಕರೆ, ಎರಡೂ ಇನ್ನೂ ಹಿಂದಿನ ಪೂರ್ವಜನಿಂದ ಬೇರೆ ಬೇರೆಯಾಗಿ ಕವಲೊಡೆದಿರಬಹುದು, ಅಥವಾ ಐಜಿಜಿ4 ಕೋಶವೇ ಐಜಿಇ ಕಡೆಗೆ ಹೋಗಿರಬಹುದು. ಯಾವುದು ಎಂದು ಹೇಳಲು ಎರಡರ ಉತ್ಪರಿವರ್ತನೆಗಳನ್ನು ವೃಕ್ಷದಲ್ಲಿ ಇಟ್ಟು ನೋಡಬೇಕು: ಐಜಿಜಿ4 ಅನುಕ್ರಮದಲ್ಲಿರುವ ಎಲ್ಲ ಉತ್ಪರಿವರ್ತನೆಗಳೂ ಐಜಿಇಯಲ್ಲಿದ್ದು, ಐಜಿಇಯಲ್ಲಿ ಮಾತ್ರ ಇನ್ನಷ್ಟು ಸೇರಿದ್ದರೆ ಎರಡನೆಯದು, ಪ್ರತಿಯೊಂದರಲ್ಲೂ ಇನ್ನೊಂದರಲ್ಲಿಲ್ಲದ ಬದಲಾವಣೆಗಳಿದ್ದರೆ ಮೊದಲನೆಯದರ ಸಂಭವ ಹೆಚ್ಚು.

ಚಿಕಿತ್ಸೆಗೆ ಮುಂಚಿನ ಮಾದರಿ ಇಲ್ಲದಿದ್ದರೆ ಈ ಪ್ರಶ್ನೆಗೆ ಉತ್ತರ ದೊರೆಯದು, ಏಕೆಂದರೆ ಚಿಕಿತ್ಸೆಯ ನಂತರ ಸಿಕ್ಕ ಐಜಿಜಿ4 ಕುಲ ಹಿಂದೆಯೇ ಇತ್ತೋ ಹೊಸದಾಗಿ ಹುಟ್ಟಿತೋ ಗೊತ್ತಾಗುವುದಿಲ್ಲ. ಮೊದಲ ಮಾತ್ರೆ ಅಥವಾ ಚುಚ್ಚುಮದ್ದು ಕೊಡುವ ಮೊದಲೇ ರಕ್ತದ ಕೋಶಗಳನ್ನು ಬೇರ್ಪಡಿಸಿ, ದ್ರವ ಸಾರಜನಕದಲ್ಲಿ ಕಾಪಾಡಿ, ಪ್ರತಿ ಮಾದರಿಯ ದಿನಾಂಕದ ಜೊತೆಗೆ ಆ ಅವಧಿಯ ಪರಾಗ ಎಣಿಕೆಯನ್ನೂ ಬರೆದಿಡಿ.